ಹನುಮಕ್ಕನಿಗೆ ಅರ್ಥವಾಗುವವರೆಗೆ

ನಮ್ಮೂರ ಶಾಲೆಯ ಬೋರ್ಡುಗಳು ಮರದವಲ್ಲ, ಕಲ್ಲಿನವು. ಊರ ಹಿಂದಿನ ಗುಡ್ಡದಲ್ಲಿ ಸಿಗುವ ಕರಿ ಚಪ್ಪಡಿಯನ್ನು ಸೀಳಿ, ನಯ ಮಾಡಿ, ಗೋಡೆಗೆ ಕೂರಿಸಿದಂಥವು. ಅವುಗಳ ಮೇಲೆ ಬರೆದ ಪಾಠ ಆ ಕೋಣೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಅರ್ಥವಾಗುವ ತನಕ ಅಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಅಷ್ಟೆ, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅಷ್ಟೆ. ಹಳೆಯದು ಅಳಿಯುವ ಮೊದಲು ಪಕ್ಕದಲ್ಲಿ ಹೊಸದನ್ನು ಬರೆಯಹೋದರೆ ಸೀಮೆಸುಣ್ಣ ಹತ್ತುವುದೇ ಇಲ್ಲ. ವರ್ಗವಾಗಿ ಹೊಸದಾಗಿ ಬಂದ ಮೇಷ್ಟರುಗಳು ಮೊದಲ ವಾರ ಇದನ್ನೆಲ್ಲ ಮಾಡಿ ನೋಡುತ್ತಿದ್ದರು. ಎರಡನೆಯ ವಾರದಿಂದ ಪಾಠ ಮಾಡಲು ಶುರು ಮಾಡುತ್ತಿದ್ದರು.

ನಾನು ಅದೇ ಶಾಲೆಯಲ್ಲಿ ಓದಿ, ಹೊರಗೆ ಹೋಗಿ ಬಿ.ಎಡ್. ಮುಗಿಸಿ, ಅದೇ ಶಾಲೆಗೆ ಗಣಿತದ ಟೀಚರಾಗಿ ಬಂದವಳು. ಹೆಸರು ಸಿದ್ಧಗಂಗಮ್ಮ. ಮಕ್ಕಳಿಗೆ ಗಂಗಾ ಮಿಸ್. ಬೇರೆ ಊರುಗಳಲ್ಲಿ ಸಂಜೆ ಮಗು ಮನೆಗೆ ಬಂದರೆ ಇವತ್ತು ಏನು ಕಲಿತೆ ಎಂದು ಕೇಳುತ್ತಾರಂತೆ. ನಮ್ಮಲ್ಲಿ ಕೇಳುತ್ತಿದ್ದುದು ‘ಇವತ್ತು ಒರೆಸಿತಾ?’ ಎಂದು, ಅಂದರೆ ಬೋರ್ಡು ಅಳಿಯಿತಾ ಎಂದು. ಒರೆಸಿಲ್ಲ ಎಂದರೆ ಯಾರಿಗೆ ಬಂದಿಲ್ಲ ಎಂದು ವಿಚಾರಿಸಿ, ಆ ಮನೆಗೆ ಒಂದಿಷ್ಟು ಸಾರೋ ಪಲ್ಯವೋ ಕೊಟ್ಟು ಕಳಿಸುತ್ತಿದ್ದರು, ಅಲ್ಲಿಯೇ ಕೂತು ಹೇಳಿಕೊಟ್ಟು ಬಾ ಎಂದು. ಕೊನೆಯಲ್ಲಿ ಯಾರಿಗೆ ಅರ್ಥವಾಯಿತೋ ಅವರೇ ಎದ್ದು ಬೋರ್ಡು ಒರೆಸಬೇಕೆನ್ನುವುದು ಪದ್ಧತಿ. ಅದು ಅವಮಾನದ ಕೆಲಸವಾಗಿರಲಿಲ್ಲ. ಒಂದಲ್ಲ ಒಂದು ದಿನ ಎಲ್ಲರೂ ಕೊನೆಯವರಾಗಿದ್ದವರೇ. ಸಂಧಿ ಸಮಾಸಗಳಲ್ಲಿ ನಾನೇ ಎಷ್ಟೋ ಸಲ ಡಸ್ಟರ್ ಹಿಡಿದಿದ್ದೇನೆ.

ಇಂಥ ಶಾಲೆ ಜಿಲ್ಲೆಗೇ ಮೊದಲು ಬರುತ್ತಿತ್ತು ಎಂದು ನೀವು ಅಂದುಕೊಂಡರೆ ಅದು ತಪ್ಪು. ನಾವು ಪ್ರತಿ ವರ್ಷ ಹತ್ತನೇ ತರಗತಿಯ ಸರಾಸರಿ ಅಂಕಗಳ ಪಟ್ಟಿಯ ತಳದಲ್ಲಿರುತ್ತಿದ್ದೆವು. ನಮ್ಮ ಮಕ್ಕಳು ಬರೆದದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಆದರೆ ಪಾಠಗಳು ಅರ್ಧಕ್ಕೇ ನಿಂತಿರುತ್ತಿದ್ದುದರಿಂದ ಅವರು ಬರೆಯುತ್ತಿದ್ದದ್ದೂ ಅರ್ಧ ಪ್ರಶ್ನೆಪತ್ರಿಕೆಯೇ. ಕೆಲವರು ಹೇಗೋ ಪಾಸಾಗುತ್ತಿದ್ದರು, ಉಳಿದವರು ಕೂದಲೆಳೆಯಲ್ಲಿ ಫೇಲಾಗುತ್ತಿದ್ದರು. ಪಟ್ಟಿಯಲ್ಲಿ ಕೆಳಗಿದ್ದವರಿಗೆ ಅನುದಾನವೂ ಕಡಿಮೆ. ಅನುದಾನ ಕಡಿಮೆಯಾದಂತೆ ಮೇಷ್ಟರುಗಳೂ ಕಡಿಮೆಯಾದರು. ವಿಜ್ಞಾನದ ಟೀಚರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ವಿಜ್ಞಾನವೂ ನನ್ನ ಪಾಲಿಗೆ ಬಂತು. ಹೆಡ್‌ಮೇಷ್ಟ್ರು ಬೋರಲಿಂಗಯ್ಯನವರು ಕನ್ನಡ, ಸಮಾಜ ಎರಡನ್ನೂ ಮಾಡಿ, ಬಿಸಿಯೂಟದ ಬೇಳೆ ನೋಡಿ, ಸಂಜೆ ಗೇಟಿಗೆ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಪ್ರಯೋಗಶಾಲೆಯಲ್ಲಿ ಇದ್ದದ್ದು ಒಂದು ತಕ್ಕಡಿ ಮತ್ತು ನಾವು ತೊಳೆದಿಟ್ಟ ಜಾಮಿನ ಬಾಟಲಿಗಳು.

ಹನುಮಕ್ಕ ನಮ್ಮ ಶಾಲೆಗೆ ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ಬಂದಳು. ಅವಳ ಅಪ್ಪ ಮಾರೆಪ್ಪ ದೂರದ ಸೀಮೆಯವನು. ಕಲ್ಲಿನ ಕ್ವಾರಿಯ ಗುಂಡಿಯಲ್ಲಿ ನಿಲ್ಲುವ ನೀರನ್ನು ಪಂಪಿನಿಂದ ಎತ್ತಿ ಹಾಕುವ ಕೆಲಸಕ್ಕೆ ಬಂದಿದ್ದ. ಹುಡುಗಿ ಅಪ್ಪನಿಗೆ ಕೆಲಸ ಸಿಕ್ಕಿದ ಕಡೆಯಲ್ಲೆಲ್ಲ ಒಂದೊಂದು ವರ್ಷ ಓದಿದ್ದಳು, ಮಾಮೂಲಿ ಬೋರ್ಡುಗಳ ಶಾಲೆಗಳಲ್ಲಿ. ಅಕ್ಷರ ದುಂಡಗಿತ್ತು. ಸೂತ್ರಗಳನ್ನು ನಿಲ್ಲಿಸದೆ ಒಪ್ಪಿಸುತ್ತಿದ್ದಳು. ಅರ್ಥವಾಯಿತಾ ಎಂದು ಕೇಳುವ ಮೊದಲೇ ‘ಹೂಂ ಮಿಸ್’ ಎನ್ನುತ್ತಿದ್ದಳು. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣದ ಪಾಠ ಬಂದಾಗ ಬೋರ್ಡು ನಿಂತುಬಿಟ್ಟಿತು. ಒಂದು ವಾರವಾಯಿತು, ಇನ್ನೊಂದು ವಾರವೂ ಆಯಿತು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳಿದ ಮೇಲೆ ಉಳಿದದ್ದು ಹನುಮಕ್ಕ ಒಬ್ಬಳೇ. ನಾನು ನೆಲದ ಮೇಲೆ ಬರೆದು, ಬೀಜ ಕಲ್ಲು ಜೋಡಿಸಿ, ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ಅವಳು ಹೂಂ ಎಂದಳು. ಬೋರ್ಡಿನ ಮೇಲಿನದು ಹಾಗೇ ಇತ್ತು.

ಆ ಹೊತ್ತಿಗೇ ಇಲಾಖೆಯ ನಿರ್ಧಾರ ಬಂತು. ಪಟ್ಟಿಯ ತಳದಲ್ಲಿರುವ ಶಾಲೆಗಳು ಈ ವರ್ಷವೂ ಮೇಲೇಳದಿದ್ದರೆ ಅವುಗಳನ್ನು ಮುಚ್ಚಿ, ಮಕ್ಕಳನ್ನು ಗುಡ್ಡದಾಚೆಯ ದೊಡ್ಡ ಊರಿನ ಹೈಸ್ಕೂಲಿಗೆ ಸೇರಿಸುವುದು. ಅಷ್ಟು ದೂರ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎಂದು ನನಗೂ ಗೊತ್ತಿತ್ತು, ಬೋರಲಿಂಗಯ್ಯನವರಿಗೂ ಗೊತ್ತಿತ್ತು. ಅದರ ಜೊತೆಗೇ ಶಿಕ್ಷಣಾಧಿಕಾರಿ ಕರಿಬಸಪ್ಪನವರು ನಮಗೆ ಸಹಾಯವಾಗಲೆಂದು ಒಂದು ಬಿಳಿ ಬೋರ್ಡು ಕಳಿಸಿದ್ದರು. ಅವರು ಕೆಟ್ಟವರಲ್ಲ. ಪಾಠ ಮುಗಿದರೆ ಫಲಿತಾಂಶ ಬರುತ್ತದೆ, ಫಲಿತಾಂಶ ಬಂದರೆ ಅನುದಾನ ಕೊಡಿಸಬಹುದು ಎನ್ನುವುದು ಅವರ ಲೆಕ್ಕ. ಬಿಳಿ ಬೋರ್ಡನ್ನು ಕಲ್ಲಿನ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದೆವು.

ಪಾಠ ಓಡಿತು. ಬರೆಯುವುದು, ಒರೆಸುವುದು, ಬರೆಯುವುದು. ಮಕ್ಕಳು ತಲೆಯೆತ್ತದೆ ಇಳಿಸಿಕೊಂಡರು. ನನ್ನ ಕೈಗೆ ಅಷ್ಟು ವೇಗ ಇದೆ ಎಂದು ನನಗೇ ಗೊತ್ತಿರಲಿಲ್ಲ. ಸಂಜೆ ಮನೆಗಳಲ್ಲಿ ಒರೆಸಿತಾ ಎಂದು ಕೇಳಿದರೆ ಮಕ್ಕಳು ಒರೆಸಿತು ಎನ್ನುತ್ತಿದ್ದರು, ಆದರೆ ಮುಖ ನೋಡಿ ಹೇಳುತ್ತಿರಲಿಲ್ಲವಂತೆ. ಕಿರುಪರೀಕ್ಷೆ ಇಟ್ಟಾಗ ಎಲ್ಲರೂ ಹಾಳೆ ತುಂಬ ಬರೆದಿದ್ದರು, ಮತ್ತು ಜೀವನದಲ್ಲಿ ಮೊದಲ ಸಲ ಎಲ್ಲರೂ ತಪ್ಪು ಬರೆದಿದ್ದರು.

ಅದರ ಮರುದಿನ ತ್ರಿಕೋನಮಿತಿಯ ಮೊದಲ ಪಾಠ ಮುಗಿಸಿ ಬೋರ್ಡು ಒರೆಸಿದೆ. ಹಿಂದಿನ ಸಾಲಿನಿಂದ ಹನುಮಕ್ಕ ಎದ್ದು ನಿಂತಳು. ಅವಳು ತಾನಾಗಿ ಎದ್ದು ನಿಂತದ್ದು ಅದೇ ಮೊದಲು.

“ಯಾಕ್ ಒರೆಸಿಬಿಟ್ರಿ ಮಿಸ್? ನಂಗಿನ್ನೂ ಬಂದಿಲ್ಲ.”

ಬಂದಿಲ್ಲ ಎನ್ನುವ ಮಾತು ಆ ಹುಡುಗಿಯ ಬಾಯಿಂದ ಬರಲು ನಮ್ಮ ಶಾಲೆಯಲ್ಲಿ ಅಷ್ಟು ದಿನ ಹಿಡಿದಿತ್ತು. ಅದು ಬಂದ ದಿನವೇ ನಾನು ಒರೆಸಿದ್ದೆ. ಅವಳ ಪಕ್ಕದವಳು ನನಗೂ ಬಂದಿಲ್ಲ ಎಂದಳು. ಆಮೇಲೆ ಇನ್ನೊಬ್ಬ. ನಾನು ಹೆಡ್‌ಮೇಷ್ಟ್ರನ್ನು ಕರೆದುಕೊಂಡು ಬಂದು ಇಬ್ಬರೂ ಸೇರಿ ಬಿಳಿ ಬೋರ್ಡನ್ನು ಕೆಳಗಿಳಿಸಿದೆವು. ಅದರ ಹಿಂದೆ ಕಲ್ಲಿನ ಮೇಲೆ ವರ್ಗ ಸಮೀಕರಣ ಬರೆದಂತೆಯೇ ಇತ್ತು.

ಆ ಭಾನುವಾರ ಶಾಲೆಯ ಅಂಗಳದಲ್ಲಿ ಊರು ಸೇರಿತು. ಬೋರಲಿಂಗಯ್ಯನವರು ಏನನ್ನೂ ಮುಚ್ಚಿಡದೆ ಹೇಳಿದರು. ಈ ವೇಗದಲ್ಲಿ ಹೋದರೆ ಪಾಠ ಮುಗಿಯುವುದಿಲ್ಲ, ಮುಗಿಯದಿದ್ದರೆ ಶಾಲೆ ಉಳಿಯುವುದಿಲ್ಲ. ಚಪ್ಪಡಿ ಗುತ್ತಿಗೆಯ ರುದ್ರಮುನಿ ಎದ್ದು, ಯಾರಿಗೂ ಬೇಜಾರಾಗಬಾರದು ಎಂದು ಪೀಠಿಕೆ ಹಾಕಿ, ಒಂದು ದಾರಿ ಸೂಚಿಸಿದರು. ನಿಧಾನವಾಗಿ ಕಲಿಯುವವರನ್ನು ಪರೀಕ್ಷೆಯ ತನಕ ಬೇರೆ ಕೋಣೆಯಲ್ಲಿ ಕೂರಿಸಿದರೆ ಬೋರ್ಡು ತಾನಾಗಿ ಒರೆಸುತ್ತದೆ. ಅದರಲ್ಲೂ ಆ ಹುಡುಗಿ ನಮ್ಮ ಶಾಲೆಯಲ್ಲಿ ಮೊದಲಿನಿಂದ ಓದಿದವಳಲ್ಲ. ಅವಳಿಗೆ ಬಾರದಿದ್ದರೆ ಅದು ನಮ್ಮ ಶಾಲೆಯ ತಪ್ಪೂ ಅಲ್ಲ.

ಮಾರೆಪ್ಪ ಗೇಟಿನ ಹತ್ತಿರ ನಿಂತಿದ್ದ. ಅವನು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಹನುಮಕ್ಕ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, ತಾನು ಹೊರಗೆ ಕೂತುಕೊಳ್ಳುತ್ತೇನೆ, ತನಗೇನೂ ಅನಿಸುವುದಿಲ್ಲ ಎಂದಳು. ನಾನು ಉತ್ತರ ಕೊಡುವ ಮೊದಲೇ ಹಿಟ್ಟಿನ ಗಿರಣಿಯ ಖೈರುನ್‌ಬಿ ಎದ್ದು ನಿಂತರು. ಅವರು ಸಭೆಗಳಲ್ಲಿ ಮಾತಾಡಿದವರೇ ಅಲ್ಲ. ಅವರ ಮೊಮ್ಮಕ್ಕಳು ಇನ್ನೂ ಚಿಕ್ಕ ತರಗತಿಗಳಲ್ಲಿದ್ದರು.

“ಈ ಹುಡುಗಿ ಹೊರಗೆ ಕೂತ್ರೆ ಇವತ್ತು ಒರೆಸ್ತದೆ, ಸರಿ. ನಾಳೆ ಇಂಗ್ಲಿಷಿಗೆ ನನ್ನ ಮೊಮ್ಮಗಳು ಹೊರಗೆ ಕೂರ್ತಾಳೆ. ನಾಡಿದ್ದು ನಿಮ್ಮನೆ ಮಗ. ಹಿಂಗೇ ಒಬ್ಬೊಬ್ಬರನ್ನೇ ಎಬ್ಬಿಸ್ತಾ ಹೋದ್ರೆ ಆಮೇಲೆ ಒಳಗೆ ಯಾರ್ ಇರ್ತಾರೆ ರುದ್ರಮುನಿಯಣ್ಣ?”

ರುದ್ರಮುನಿ ಕೂತುಕೊಂಡರು. ಆಗ ನಾನು, ಎಷ್ಟೋ ದಿನದಿಂದ ತಲೆಯಲ್ಲಿ ಸುಳಿದಾಡುತ್ತಿದ್ದದ್ದನ್ನು ಹೇಳಿದೆ. ತೊಂದರೆ ಇರುವುದು ಕಲ್ಲಿನಲ್ಲೂ ಅಲ್ಲ, ಮಕ್ಕಳಲ್ಲೂ ಅಲ್ಲ. ಇಷ್ಟು ಮಕ್ಕಳಿಗೆ ಒಂದೇ ಬೋರ್ಡು, ಒಬ್ಬಳೇ ಟೀಚರು, ಗಂಟೆ ಹೊಡೆಯುವ ತನಕ ಮಾತ್ರ ಸಮಯ. ಸರ್ಕಾರ ಟೀಚರನ್ನು ಕೊಡುವುದು ಯಾವಾಗಲೋ ಗೊತ್ತಿಲ್ಲ. ಆದರೆ ಬೋರ್ಡಿಗೆ ಬೇಕಾದ ಗುಡ್ಡವೇ ನಮ್ಮ ಹಿಂದೆ ಇದೆ. ಬೋರ್ಡುಗಳನ್ನು ಹೆಚ್ಚು ಮಾಡೋಣ. ಶಾಲೆಯಲ್ಲಿ ನಿಂತ ಪಾಠ ಸಂಜೆ ಬೇರೆ ಬೇರೆ ಕಡೆ ನಾಲ್ಕೈದು ಮಕ್ಕಳ ಗುಂಪಿನಲ್ಲಿ ನಡೆಯಲಿ, ಬಂದವರು ಬಾರದವರಿಗೆ ಹೇಳಲಿ. ಬೆಳಿಗ್ಗೆ ಶಾಲೆಗೆ ಬಂದಾಗ ಒಂದೇ ಸಲಕ್ಕೆ ಒರೆಸಬೇಕು.

ಬೋರ್ಡು ಇರುವ ಕಡೆ ಇರುವವರಿಗೆಲ್ಲ ಅರ್ಥವಾಗಬೇಕು ಎನ್ನುವುದನ್ನು ಎಲ್ಲರೂ ಆ ಕ್ಷಣಕ್ಕೆ ಮರೆತಿದ್ದರು, ನಾನೂ ಸೇರಿ. ರುದ್ರಮುನಿ ತಮ್ಮ ಅಂಗಳದಲ್ಲಿ ಮಾರಾಟಕ್ಕೆ ಇಟ್ಟಿದ್ದ ಚಪ್ಪಡಿಗಳನ್ನು ಮರುದಿನವೇ ಟ್ರ್ಯಾಕ್ಟರಿನಲ್ಲಿ ಕಳಿಸಿದರು. ಒಂದೂ ಒಡಕು ಕಲ್ಲಿರಲಿಲ್ಲ, ಎಲ್ಲವೂ ಮೊದಲ ದರ್ಜೆಯವು. ಗಿರಣಿಯಲ್ಲಿ ಒಂದು, ಟೀ ಅಂಗಡಿಯಲ್ಲಿ ಒಂದು, ಕ್ವಾರಿಯ ಪಂಪ್ ಶೆಡ್ಡಿನಲ್ಲಿ ಒಂದು, ಪಂಚಾಯಿತಿಯ ಜಗುಲಿಯಲ್ಲಿ ಒಂದು, ದೊಡ್ಡ ನಡುಮನೆ ಇದ್ದವರ ಮನೆಗಳಲ್ಲಿ ಒಂದೊಂದು ಎದ್ದು ನಿಂತವು.

ಮೊದಲ ಸಂಜೆಯೇ ಖೈರುನ್‌ಬಿ ನನ್ನನ್ನು ಕರೆಸಿದರು. ಬಿಳಿ ಬೋರ್ಡಿನಲ್ಲಿ ಓಡಿಸಿದ್ದ ಸಮಾಂತರ ಶ್ರೇಢಿಯ ಪಾಠ ಈಗ ಮಕ್ಕಳಿಗೆಲ್ಲ ಬಂದಿದೆ, ಬೋರ್ಡು ಮಾತ್ರ ಒರೆಸುತ್ತಿಲ್ಲ ಎಂದರು. ನಾನು ಮಕ್ಕಳನ್ನು ಕೇಳಿದೆ. ನಿಜವಾಗಿಯೂ ಬಂದಿತ್ತು. ರಾಗಿ ಬೀಸಿಸಲು ಬಂದಿದ್ದ ಹೆಂಗಸರಿಬ್ಬರು ಚೀಲದ ಮೇಲೆ ಕೂತಿದ್ದರು. ಗಿರಣಿಯ ಹತ್ತಿರ ಖೈರುನ್‌ಬಿ ನಿಂತಿದ್ದರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹಾಗಾದರೆ ನಾನೂ ಕಲಿಯಬೇಕಾ ಎಂದು ಕೇಳಿದರು. ಆಮೇಲೆ ಗಿರಣಿ ನಿಲ್ಲಿಸಿ, ಸೆರಗಿನಲ್ಲಿ ಹಿಟ್ಟು ಒರೆಸಿಕೊಂಡು ಬಂದು, ಆ ಹೆಂಗಸರಿಬ್ಬರನ್ನೂ ಕರೆದು, ಮಕ್ಕಳ ನಡುವೆ ಕೂತರು.

ಆ ಚಳಿಗಾಲ ನಮ್ಮೂರು ಹತ್ತನೇ ತರಗತಿ ಓದಿತು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಟೀ ಅಂಗಡಿಯಲ್ಲಿ ಸಮರೂಪ ತ್ರಿಭುಜಗಳು ಒಂದು ವಾರ ನಿಂತವು, ದಿನಾ ಬರುವ ಹಿರಿಯರೊಬ್ಬರು ತಮಗೆ ಬಂದಿದೆ ಎಂದು ಹಟ ಹಿಡಿದಿದ್ದರಿಂದ. ಯಾರೂ ಅವರನ್ನು ಏಳಿ ಎನ್ನಲಿಲ್ಲ. ಕೊನೆಗೆ ಅವರೇ ಅಂಗಡಿಯವನ ಮಗಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಸಲ ಹೇಳು ತಾಯಿ ಎಂದರು. ಸೀರೆ ಮಾರಲು ಬಂದ ಪರವೂರಿನವನೊಬ್ಬ ಜಗುಲಿಯಲ್ಲಿ ದಣಿವಾರಿಸಿಕೊಳ್ಳಲು ಕೂತು, ಬೆಳಕಿನ ವಕ್ರೀಭವನ ಕಲಿತೇ ಎದ್ದುಹೋದ. ನಮ್ಮಲ್ಲಿ ಮೊದಲಿನಿಂದಲೂ ಮಕ್ಕಳಿಗಿದ್ದ ಒಂದು ಸಲೀಸು ದೊಡ್ಡವರಿಗೂ ಬಂತು. ಗೊತ್ತಿಲ್ಲ ಎನ್ನುವುದನ್ನು ಗೊತ್ತಿಲ್ಲ ಎಂದೇ ಹೇಳುವುದು.

ಹನುಮಕ್ಕನ ಗಂಟು ಬಿಚ್ಚಿದ್ದು ಪಂಪ್ ಶೆಡ್ಡಿನಲ್ಲಿ. ಅಲ್ಲಿಯ ಚಪ್ಪಡಿಯ ಮೇಲೆ ನಾನು ವರ್ಗ ಸಮೀಕರಣ ಬರೆದು, ಪ್ರತಿ ಸಾಲಿಗೂ ಇದು ಯಾಕೆ ಎಂದು ಕೇಳುತ್ತಾ ಹೋದೆ. ಅವಳು ಹೇಳುತ್ತಾ ಬಂದಳು. ಒಂದು ಕಡೆ ಮಾತ್ರ, ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಎಂದಾಗ, ಅದು ಹಾಗೇ ಮಿಸ್, ರೂಲು ಎಂದಳು. ಅಲ್ಲಿತ್ತು ಅದು. ಯಾವುದೋ ಊರಿನ ಯಾವುದೋ ಶಾಲೆಯಲ್ಲಿ ಯಾರೋ ಒರೆಸಿಬಿಟ್ಟ ಪಾಠ. ಅದರ ಮೇಲೆ ನಾನು ಎಷ್ಟು ಕಟ್ಟಿದರೂ ನಿಲ್ಲುತ್ತಿರಲಿಲ್ಲ.

ಮಾರೆಪ್ಪ ಪಂಪಿನ ಹತ್ತಿರ ಕೂತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದ. ದಿನಾ ಸಂಜೆ ಕೂತು ಉಳಿದ ಸಾಲುಗಳನ್ನು ಕಲಿತಿದ್ದ ಅವನಿಗೂ ಇದೊಂದು ಬಂದಿರಲಿಲ್ಲ. ಹೇಗೆ ಹೇಳಲಿ ಎಂದು ಯೋಚಿಸುತ್ತಾ ನಾನು ಗುಂಡಿಯ ಕಡೆ ನೋಡಿದೆ. ನೀರು ಇಳಿದ ಗುರುತುಗಳು ಕಲ್ಲಿನ ಗೋಡೆಯ ಮೇಲೆ ಒಂದರ ಕೆಳಗೆ ಒಂದು ಕಾಣುತ್ತಿದ್ದವು. ಅದನ್ನೇ ತೋರಿಸಿದೆ. ಪಂಪು ನೀರನ್ನು ದಿನಾ ಮೂರು ಅಡಿ ಇಳಿಸುತ್ತದೆ, ಇಳಿಯುವುದು ಋಣ. ನಾಳೆ ನಾಡಿದ್ದು ಎನ್ನುವುದು ಧನ, ನಿನ್ನೆ ಮೊನ್ನೆ ಎನ್ನುವುದು ಋಣ. ಋಣ ಎರಡು ದಿನ, ಅಂದರೆ ಮೊನ್ನೆ, ನೀರು ಎಲ್ಲಿತ್ತು ಎಂದು ಕೇಳಿದೆ. ಹನುಮಕ್ಕ ಬಹಳ ಹೊತ್ತು ಆ ಗುರುತುಗಳನ್ನು ನೋಡಿದಳು.

“ಮೊನ್ನೆ ನೀರು ಇಲ್ಲಿಗಿಂತ ಆರು ಅಡಿ ಮೇಲಿತ್ತು,” ಎಂದಳು. ಆಮೇಲೆ, ತನಗೇ ಹೇಳಿಕೊಳ್ಳುವಂತೆ, “ಮೇಲೆ.”

ಮಾರೆಪ್ಪ ಹೌದಲ್ಲಾ ಎಂದ. ಹನುಮಕ್ಕ ಎದ್ದು, ಲಂಗದ ಅಂಚಿನಿಂದಲೇ ಚಪ್ಪಡಿಯನ್ನು ಒರೆಸಿದಳು. ಒಂದೇ ಎಳೆತಕ್ಕೆ ಕಲ್ಲು ಕರ್ರಗಾಯಿತು. ಮರುದಿನ ಶಾಲೆಯ ಬೋರ್ಡನ್ನೂ ಅವಳೇ ಒರೆಸಿದಳು. ಇಡೀ ತರಗತಿ ಬೆಂಚು ಕುಟ್ಟಿತು, ಪಕ್ಕದ ತರಗತಿಯವರೂ ಕುಟ್ಟಿದರು. ಅಲ್ಲಿಂದಾಚೆಗೆ ಅವಳು ನಿಧಾನವೇ ಇದ್ದಳು, ಆದರೆ ನಿಲ್ಲಲಿಲ್ಲ.

ಪರೀಕ್ಷೆಗೆ ಸ್ವಲ್ಪ ಮುಂಚೆ ಕರಿಬಸಪ್ಪನವರು ತಪಾಸಣೆಗೆ ಬಂದರು. ಬಿಳಿ ಬೋರ್ಡು ಮೂಲೆಯಲ್ಲಿ ಒರಗಿರುವುದನ್ನು ಕಂಡು ಮುಖ ಗಂಟು ಹಾಕಿದರು. ಪಾಠ ಎಷ್ಟಾಗಿದೆ ಎಂದು ಕೇಳಿದಾಗ ಕೊನೆಯ ಅಧ್ಯಾಯದಲ್ಲಿದ್ದೇವೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ ಎಂದರು. ನಾನು ಪುನರಾವರ್ತನೆಗೆಂದು ಒಂದು ವರ್ಗ ಸಮೀಕರಣ ಬರೆದೆ. ಮಕ್ಕಳು ಸರಸರ ಬಿಡಿಸಿದರು. ಒರೆಸಹೋದರೆ ಅಳಿಯಲಿಲ್ಲ.

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಕ್ಕೆ ತಿರುಗಿ ಯಾರೂ ನೋಡಲಿಲ್ಲ, ಅಷ್ಟು ಮರ್ಯಾದೆ ಅವರಿಗಿತ್ತು. ಸಾಹೇಬರೇ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು.

“ನನ್ನಿಂದ ಇರಬೇಕು. ಆ ಮೈನಸ್ಸು ಮೈನಸ್ಸು ಪ್ಲಸ್ಸು ಆಗೋದು ನನಗೆ ಯಾವತ್ತೂ ತಿಳಿದಿಲ್ಲ. ಬಾಯಿಪಾಠ ಮಾಡಿ ಇಲ್ಲಿತನಕ ಬಂದೆ. ಯಾರಾದ್ರೂ ಹೇಳಿಕೊಡ್ತೀರಾ?”

ಹನುಮಕ್ಕ ತನ್ನ ನೋಟುಪುಸ್ತಕ, ಪೆನ್ನು ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತಳು. ಗುಂಡಿ, ಪಂಪು, ನೀರಿನ ಗುರುತು ಎಲ್ಲ ಬರೆದು ತೋರಿಸಿದಳು. ಅವರು ಮಧ್ಯೆ ಎರಡು ಸಲ ಪ್ರಶ್ನೆ ಕೇಳಿದರು, ಅವಳು ಎರಡು ಸಲವೂ ಮೊದಲಿನಿಂದ ಹೇಳಿದಳು. ಹೂಂ ಎನ್ನಲು ಅವರು ಆತುರಪಡಲಿಲ್ಲ, ಅವಳೂ ಆತುರಪಡಿಸಲಿಲ್ಲ. ಆಮೇಲೆ ಅವರು ಎದ್ದು ಬಂದು ನನ್ನ ಕೈಯಿಂದ ಡಸ್ಟರ್ ತೆಗೆದುಕೊಂಡರು. ಮಕ್ಕಳು ಬೆಂಚು ಕುಟ್ಟಿದಾಗ ಆ ಮನುಷ್ಯ ನಕ್ಕ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೋಗುವಾಗ ಅವರು ಬಿಳಿ ಬೋರ್ಡನ್ನು ಜೀಪಿನ ಹಿಂದೆ ಹಾಕಿಸಿಕೊಂಡರು. ಫಲಿತಾಂಶ ಬರಲಿ, ಉಳಿದದ್ದು ನಾನು ಮಾತಾಡುತ್ತೇನೆ ಎಂದರು.

ಫಲಿತಾಂಶ ಬಂತು. ನಾವು ಜಿಲ್ಲೆಗೆ ಮೊದಲು ಬರಲಿಲ್ಲ, ಎರಡನೆಯವರೂ ಆಗಲಿಲ್ಲ. ಪಟ್ಟಿಯ ನಡುವಿನಲ್ಲೆಲ್ಲೋ ಇದ್ದೆವು. ಆದರೆ ನಮ್ಮ ಶಾಲೆಯಿಂದ ಪರೀಕ್ಷೆಗೆ ಕೂತವರಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಜಿಲ್ಲೆಯಲ್ಲಿ ಬೇರೆ ಯಾವ ಶಾಲೆಯ ಹೆಸರಿನ ಮುಂದೆಯೂ ಆ ಮಾತು ಇರಲಿಲ್ಲ. ಬೋರಲಿಂಗಯ್ಯನವರು ಅದನ್ನು ಅಂಗಳದಲ್ಲಿ ಓದಿ ಹೇಳಲು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ನೀನು ಓದಮ್ಮ ಎಂದು ನನಗೆ ಕೊಟ್ಟರು. ಶಾಲೆ ಮುಚ್ಚುವ ಮಾತು ಅಲ್ಲಿಗೆ ನಿಂತಿತು. ಕರಿಬಸಪ್ಪನವರು ಹೇಳಿದ ಮಾತು ಉಳಿಸಿಕೊಂಡರು. ಮುಂದಿನ ವರ್ಷಕ್ಕೆ ವಿಜ್ಞಾನದ ಟೀಚರೂ, ಪ್ರಯೋಗಶಾಲೆಗೆ ಅನುದಾನವೂ ಮಂಜೂರಾದವು. ಖೈರುನ್‌ಬಿ ಆ ದಿನ ಬೀಸಿದ ಕೂಲಿ ಯಾರಿಂದಲೂ ತೆಗೆದುಕೊಳ್ಳಲಿಲ್ಲ. ರುದ್ರಮುನಿ ಎಲ್ಲ ಮಕ್ಕಳಿಗೂ ಮೈಸೂರುಪಾಕು ತರಿಸಿದರು. ಮೊದಲ ತುಂಡನ್ನು ತಾವೇ ಹೋಗಿ ಮಾರೆಪ್ಪನ ಕೈಗಿಟ್ಟರು.

ಸಂಜೆ ಎಲ್ಲ ಕರಗಿದ ಮೇಲೆ ಹನುಮಕ್ಕ ನನ್ನ ಮನೆಗೆ ಬಂದಳು. ಮುಖದಲ್ಲಿ ಸಂತೋಷವಿತ್ತು, ಆದರೆ ಏನೋ ಹೇಳುವುದಿತ್ತು. ಗಣಿತದಲ್ಲಿ ಒಂದು ಪ್ರಶ್ನೆಯನ್ನು ತಾನು ಬಿಟ್ಟು ಬಂದಿದ್ದಾಗಿ ಹೇಳಿದಳು. ಒಂದೇ ಬುಡ, ಒಂದೇ ಎತ್ತರದ ಶಂಕುವೂ ಸಿಲಿಂಡರೂ ಇದ್ದರೆ ಶಂಕುವಿನಲ್ಲಿ ಹಿಡಿಸುವುದು ಮೂರನೇ ಒಂದು ಭಾಗವೇ ಯಾಕೆ ಎನ್ನುವುದು. ಅದನ್ನು ತರಗತಿಯಲ್ಲಿ ಮಾಡಿದ ದಿನ ಅವಳು ಜ್ವರ ಬಂದು ಮನೆಯಲ್ಲಿದ್ದಳು. ಅವಳಿಲ್ಲದ ಕೋಣೆಯಲ್ಲಿ ಬೋರ್ಡು ಒರೆಸಿಕೊಂಡಿತ್ತು. ಸೂತ್ರ ಬರುತ್ತಿತ್ತಲ್ಲ, ಅದನ್ನಾದರೂ ಬರೆದಿದ್ದರೆ ಒಂದು ಅಂಕವಾದರೂ ಕೊಡುತ್ತಿದ್ದರಲ್ಲ ಎಂದು ಕೇಳಿದೆ.

“ತಿಳೀದೆ ಇರೋದನ್ನ ಹೆಂಗ್ ಬರೀಲಿ ಮಿಸ್,” ಎಂದಳು.

ಪಾಸಾಗಿ ಬಂದ ಹುಡುಗಿ ಅವಳು. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಬೇಕಾದ ಅಗತ್ಯ ಅವಳಿಗಿರಲಿಲ್ಲ. ನಾಳೆ ಬೆಳಿಗ್ಗೆ ಬಾ, ಅದೊಂದು ನೋಡೇಬಿಡೋಣ ಎಂದೆ.

ಮರುದಿನ ಬೇಸಿಗೆ ರಜೆಯ ನಡುವೆ ನಾನು ಬೀಗ ತೆಗೆಸಿ, ತಗಡಿನ ಶಂಕು, ತಗಡಿನ ಡಬ್ಬಿ, ಅಳೆಯಲು ಒಂದು ಬುಟ್ಟಿ ಕಲ್ಲುಪುಡಿ ಎಲ್ಲ ಇಟ್ಟುಕೊಂಡು ಕಾಯುತ್ತಿದ್ದೆ. ಹನುಮಕ್ಕ ಬಂದು ತನ್ನ ಜಾಗದಲ್ಲಿ ಕೂತಳು. ಹಿಂದೆಯೇ ಅವಳ ಪಕ್ಕದವಳು ಬಂದಳು. ಆಮೇಲೆ ಟೀ ಅಂಗಡಿಯವನ ಮಗಳು, ಆಮೇಲೆ ಇಬ್ಬರು ಹುಡುಗರು ಸೈಕಲ್ ಗೋಡೆಗೆ ಒರಗಿಸಿ. ಯಾರಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಕಾಲೇಜಿನ ಅರ್ಜಿ ತರಲು ಹೊರಟಿದ್ದವನೂ ದಾರಿಯಿಂದ ತಿರುಗಿ ಬಂದಿದ್ದ. ಅವರಿಗೆಲ್ಲ ಆ ಪಾಠ ಬಂದು ಎಷ್ಟೋ ದಿನವಾಗಿತ್ತು. ಅಂಕಗಳು ಕೈಗೆ ಬಂದಿದ್ದವು, ಹಾಜರಿ ಕರೆಯುವವರು ಯಾರೂ ಇರಲಿಲ್ಲ. ಆದರೂ ಒಬ್ಬೊಬ್ಬರೇ ಬಂದು, ವರ್ಷವಿಡೀ ಕೂರುತ್ತಿದ್ದ ಜಾಗದಲ್ಲೇ ಕೂತು, ಹನುಮಕ್ಕನಿಗೆ ಡಬ್ಬಿ ಕಾಣಲೆಂದು ಮುಂದಿನವರು ಸ್ವಲ್ಪ ಸರಿದು ದಾರಿ ಮಾಡಿಕೊಟ್ಟರು. ಕೋಣೆಯಲ್ಲಿ ಒಂದು ಜಾಗವೂ ಖಾಲಿ ಉಳಿಯಲಿಲ್ಲ.

ನಾನು ಸೀಮೆಸುಣ್ಣ ಎತ್ತಿಕೊಂಡು ಬರೆಯಲು ಶುರು ಮಾಡಿದೆ.